ಹೊಳೆಗಿಳಿಯುವ ಮುನ್ನ ಬೂಟು ಬಿಚ್ಚುವ ಮಾವ

ನಮ್ಮ ಸೋದರಮಾವ ಇದುವರೆಗೆ ಒಂದೇ ಒಂದು ವಿಡಿಯೊ ಗೇಮನ್ನೂ ಗೆದ್ದವನಲ್ಲ. ಆದರೂ ಹೊಸ ಹೊಡೆದಾಟದ ಆಟ ಬಂತೆಂದರೆ ಆಳಂದದ ಕಾಲೇಜು ಹುಡುಗರು ಮೊದಲು ಬರುವುದು ಅವನ ತೊಗರಿ ಅಂಗಡಿಗೆ! "ಹೆಂಗದ್ರಿ ಕಾಕಾ? ತಗೋಬೌದೇನ್ರಿ?" ಮಾವ ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಅರ್ಧ ಮುಚ್ಚಿ, ಯಾವುದೋ ದೂರದ ನಾಡಿಗೆ ಹೋಗಿ ಬಂದವನಂತೆ ತೀರ್ಪು ಕೊಡುತ್ತಾನೆ. ಹಣೆ ತುಂಬ ವಿಭೂತಿ ಧರಿಸುವ, ಜಿರಲೆ ಕಂಡರೂ ಪೊರಕೆಯನ್ನು ನನ್ನ ಕೈಗೇ ಕೊಡುವ ಮನುಷ್ಯ ಇವನು. ಇವನಿಗೇಕೆ ಕತ್ತಿ, ಬಂದೂಕು, ರಾಕ್ಷಸರ ಸಹವಾಸ ಅಂತೀರಾ? ತಡೆಯಿರಿ, ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಜೋರೂ ಉಳಿಯಿತು. ಎಡಗಾಲು, ಎಡಗೈ ಸೋತವು. ಕೈಯನ್ನು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಅದು ಹಾಗೇ ಉಳಿದೀತು ಎಂದು ವೈದ್ಯರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಬಲಗೈಯಿಂದ ಕಿಟಕಿಯಾಚೆ ಎಸೆದಳು! "ನಾ ಏನ್ ಕೂಸೇನ್ರಿ, ಚೆಂಡ ಹಿಸಕೊಂತ ಕೂಡಾಕ?"

ಕೈಯಲ್ಲಿ ಹಿಡಿದುಕೊಳ್ಳುವ ಆಟದ ಹಿಡಿಯ ಮೇಲಿನ ಪುಟ್ಟ ಕಡ್ಡಿಯೊಂದನ್ನು ಎಡ ಹೆಬ್ಬೆರಳಿನಿಂದ ತಳ್ಳಿದರೆ ಪರದೆಯ ಮೇಲಿನ ಮನುಷ್ಯ ನಡೆಯುತ್ತಾನೆ ಎಂಬುದನ್ನು ಮಾವ ಯಾರದೋ ಮನೆಯಲ್ಲಿ ನೋಡಿದ. ಮರುದಿನವೇ ಆ ಯಂತ್ರವನ್ನು ಹೊತ್ತು ತಂದ. ಅತ್ತೆ ಮುಟ್ಟಲಿಲ್ಲ. "ನಿಮ್ಮ ಹೊಡದಾಟ ನೀವ ನೋಡ್ಕೋರಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಹಾಗಾಗಿ ಅವಳ ಮಂಚದ ಪಕ್ಕದಲ್ಲಿ ಕೂತು ಮಾವನೇ ಆಡತೊಡಗಿದ. ಯಾವುದಾದರೂ ಒಂದು ಆಟ ಅವಳ ಮುಖವನ್ನು ಈ ಕಡೆ ತಿರುಗಿಸೀತು, ಆ ಕೈಯನ್ನು ಎಬ್ಬಿಸೀತು ಎಂಬುದೊಂದೇ ಅವನ ಆಸೆ.

ಆದರೆ ಅವನು ಆಡುವ ಚಂದ ನೋಡಬೇಕು ನೀವು! ತೊಗರಿ ವ್ಯಾಪಾರಿ ಚೀಲದ ಬಾಯಿಯ ಕಾಳನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ತಳದ ಕಾಳನ್ನು ತೆಗೆದು, ಕಡಿದು ನೋಡುತ್ತಾನೆ. ಮಾವ ಆಟವನ್ನೂ ಹಾಗೇ ನೋಡುವವನು. ಎದುರಿಗೆ ಮೂರು ತಲೆಯ ರಾಕ್ಷಸ ಬೆಂಕಿ ಉಗುಳುತ್ತಿದ್ದರೆ ಇವನು ಪಕ್ಕಕ್ಕೆ ಸರಿದು ಕೋಟೆಯ ಹಿತ್ತಲಿನ ಗೋಡೆ ನೋಡಲು ಹೋಗುತ್ತಾನೆ.

"ಮಾವಾ, ಹಿಂದ ಬಂದ!" ಎಂದು ನಾನು ಚೀರಿದರೆ, "ತಡಿ ಬೇ, ಗ್ವಾಡಿ ನೋಡಾಕತ್ತೇನಿ. ರಾಕ್ಷಸ ಚೊಲೊ ಅದಾನ. ಗ್ವಾಡಿ ಬಿಲ್ಕುಲ್ ಖೊಟ್ಟಿ!" ಎನ್ನುತ್ತಾನೆ. ಅಷ್ಟರಲ್ಲಿ ರಾಕ್ಷಸ ಇವನನ್ನು ಮುಗಿಸಿರುತ್ತಾನೆ.

ಮೊನ್ನೆ ಮೊನ್ನೆ ಬಂದ ಬಂದೂಕಿನ ಆಟವೊಂದನ್ನು ಊರ ಹುಡುಗರೆಲ್ಲ ಹೊಗಳಿದ್ದೇ ಹೊಗಳಿದ್ದು. ಮಾವ ಮಾತ್ರ ತಲೆಯಾಡಿಸಿದ. "ಇಷ್ಟ ಗುಂಡ ಹಾರಸ್ತಾರ, ಗಿಡದಾಗಿಂದ ಒಂದ ಹಕ್ಕಿ ಹಾರವಲ್ದು! ಇದೆಂಥಾ ಅಡವಿಲೇ?" ಹುಡುಗರು ಪಾಪ, ಬೆಪ್ಪಾಗಿ ಎದ್ದು ಹೋದರು. ಆ ಮಧ್ಯಾಹ್ನ ನಾನೂ ಅದನ್ನು ಆಡಿ ನೋಡಿದೆ. ಹಕ್ಕಿಯೇ ಇಲ್ಲದ ಆ ಕಾಡಿನಲ್ಲಿ ಯಾಕೋ ಬಹಳ ಹೊತ್ತು ಇರಲಾಗಲಿಲ್ಲ.

ಎಲ್ಲಕ್ಕಿಂತ ಮೋಜು ಅವನು ಹೊಳೆ ದಾಟುವುದು. ಅತ್ತೆಯ ತವರು ಭೀಮೆಯ ದಂಡೆಯ ಮಣ್ಣೂರ. ಅವಳ ಮನೆಯವರು ಯಾರೂ ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಹೊಳೆಗಿಳಿಯುವುದಿಲ್ಲ. ಹೊಳೆಯೆಂದರೆ ಅವರಿಗೆ ತಾಯಿ. ಮದುವೆಯಾದ ಹೊಸದರಲ್ಲಿ ಚಪ್ಪಲಿ ಸಮೇತ ನೀರಿಗಿಳಿದ ಮಾವನನ್ನು ಅತ್ತೆ ಊರಿಗೆಲ್ಲ ಕೇಳುವಂತೆ ಬೈದಿದ್ದಳಂತೆ. ಆ ಹೆದರಿಕೆ ಆಟದೊಳಗೂ ಅವನನ್ನು ಬಿಟ್ಟಿಲ್ಲ! ನೀರು ಕಂಡರೆ ಸಾಕು, ಮಾವ ಯುದ್ಧ ನಿಲ್ಲಿಸಿ, ತನ್ನ ವೀರನ ಸಾಮಾನಿನ ಪೆಟ್ಟಿಗೆ ತೆರೆದು, ಉಕ್ಕಿನ ಬೂಟು ಬಿಚ್ಚಿಸುತ್ತಾನೆ. ಬರಿಗಾಲಿನ ವೀರ ನೀರಿಗೆ ಕಾಲಿಡುವಷ್ಟರಲ್ಲಿ ಬಾಣ ನೆಟ್ಟು ಸತ್ತೇ ಹೋಗುತ್ತಾನೆ. "ಸತ್ತರ ಸಾಯ್ಲಿ, ಮರ್ಯಾದಿಲೆ ಸತ್ತ" ಎಂದು ಮಾವ ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ.

ಕಳೆದ ವಾರ ಕುದುರೆ ಸವಾರನ ಹೊಸ ಆಟವೊಂದು ಬಂತು. ಇಳಿಹೊತ್ತು. ಟಿ.ವಿ. ಪರದೆಯಲ್ಲೂ ಇಳಿಹೊತ್ತು. ಅಗಲವಾದ ಹೊಳೆ, ದಂಡೆಯ ಜಾಲಿಗಿಡ, ನಿಧಾನವಾಗಿ ಹೊಳೆಯುವ ನೀರು. ನನಗೆ ಕಣ್ಣು ಎಳೆಯುತ್ತಿತ್ತು. ಮನೆ ಯಾವುದು, ಹೊಳೆ ಯಾವುದು ತಿಳಿಯದ ಹಾಗಾಗಿತ್ತು. ಮಾವ ಕುದುರೆಯಿಂದಿಳಿದು ನೇರ ನೀರಿನ ಕಡೆ ನಡೆದ.

"ಅಯ್ಯ, ಬೂಟ್ ಬಿಚ್ಚರಿ ಮೊದಲ!"

ಅತ್ತೆಯ ದನಿ! ಗೋಡೆಯ ಕಡೆಗಿದ್ದ ಮುಖ ಯಾವಾಗ ತಿರುಗಿತ್ತೋ. ಮಾವ ಕಡ್ಡಿಯಿಂದ ಬೆರಳು ತೆಗೆದ. "ಬಿಚ್ಚೂದು ಹೆಂಗ ಅಂಬೂದೇ ಮರತೇನಿ. ನೀನ ಬಿಚ್ಚ" ಎಂದು ಆಟದ ಹಿಡಿಯನ್ನು ಅವಳ ಮಡಿಲಿಗಿಟ್ಟ. ಖರೇ ಮರೆತಿದ್ದನೋ, ಮರೆತಂತೆ ಮಾಡಿದನೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

"ಇಷ್ಟ ದಿನ ಆಡೀರಿ, ಇಷ್ಟೂ ಬರಂಗಿಲ್ಲೇನ್ರಿ?" ಎಂದು ಬೈಯುತ್ತಲೇ ಅತ್ತೆ ಬಲಗೈಯಿಂದ ಬೂಟು ಬಿಚ್ಚಿಸಿದಳು. ಅಲ್ಲಿಗೆ ನಿಲ್ಲಿಸುತ್ತಾಳೆ ಅಂದುಕೊಂಡೆ. ಅವಳು ನೀರನ್ನು ನೋಡುತ್ತಾ ಕೂತಳು. ಆಮೇಲೆ ಸೋತ ಎಡಗೈಯನ್ನು ಬಲಗೈಯಿಂದ ಎತ್ತಿ ಆಟದ ಹಿಡಿಯ ಮೇಲಿಟ್ಟುಕೊಂಡಳು. ಹೆಬ್ಬೆರಳು ನಡುಗಿತು, ಜಾರಿತು, ಮತ್ತೆ ಕಡ್ಡಿಗೆ ತಾಗಿತು. ಪರದೆಯ ಮೇಲೆ ಬರಿಗಾಲಿನ ಸವಾರ ಒಂದು ಹೆಜ್ಜೆ ಇಟ್ಟ. ಸೊಟ್ಟ ಹೆಜ್ಜೆ. ಇನ್ನೊಂದು. ನೀರು ಅವನ ಮೊಣಕಾಲಿಗೆ ಬಂತು.

"ಇನ್ನ ಒಂಚೂರ ಒಳಗ ಹೋಗ್ತೇನಿ" ಎಂದಳು ಅತ್ತೆ.

ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನಗೂ ಅಳು ತಡೆಯಲಾಗಲಿಲ್ಲ.

ಮರುದಿನ ಹುಡುಗರು ಎಂದಿನಂತೆ ಅಂಗಡಿಗೆ ಬಂದರು. "ಕುದುರಿ ಆಟ ಹೆಂಗದ್ರಿ ಕಾಕಾ?"

"ನನಗೇನ ಗೊತ್ತಲೇ?" ಎಂದ ಮಾವ. "ಆಕಿ ಅದನ್ನ ಕೈಯಿಂದ ಬಿಟ್ಟರ ಅಲ್ಲ ನಾ ಆಡೂದು!"