ಕೊಲಂಬೋಕ್ಕೆ ಹೊರಟ ಸೊಸೆ, ಕಾಗದ ಕೂಡಿಸಿದ ಅತ್ತೆ

ಸರಕಾರಿ ಕಾಗದ ಮಾಡಿಸಲು ಮನೆಯಿಂದ ಹೊರಬಿದ್ದವರಿಗೆ ಏನಾದರೊಂದು ಆಗದೆ ಇರುವುದಿಲ್ಲ. ಮೊನ್ನೆ ನಮ್ಮ ನೆರೆಮನೆಯ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಬರೆಸಿಕೊಳ್ಳಲು ಹೋಗಿ, ಬಿಸಿಲಿನ ಸಾಲಿನಲ್ಲಿ ನಿಂತು, ಆಟೋದಲ್ಲಿ ಮಲಗಿಕೊಂಡು ವಾಪಸು ಬಂದರು.

ನನ್ನ ಸರದಿ ಬಂದದ್ದು ಬಳ್ಳಾರಿ ಇನ್ನೂ ಮದ್ರಾಸಿನ ಕೈಯಲ್ಲಿದ್ದ ಕಾಲದಲ್ಲಿ. ನಮ್ಮ ಯಜಮಾನರು ಕೊಲಂಬೋದ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹೋಗಿ ಎರಡು ವರ್ಷವಾಗಿತ್ತು. ಮೊದಲೆಲ್ಲ ಹಡಗು ಹತ್ತಿದರೆ ಸಾಕಿತ್ತಂತೆ. ಆಮೇಲೆ ಆ ದೇಶದ ಕಾನೂನು ಬೇರೆ, ಈ ದೇಶದ್ದು ಬೇರೆ ಆಗಿ, ಅಲ್ಲಿ ಸಂಸಾರ ಇಡಬೇಕೆಂದರೆ ವಾಸದ ಪರ್ಮಿಟ್ ಬೇಕು ಎಂದಾಯಿತು. ಹೆಂಡತಿ ಹುಟ್ಟಿದ್ದಕ್ಕೆ ಒಂದು ಕಾಗದ, ಮದುವೆಯಾದದ್ದಕ್ಕೆ ಒಂದು, ನಡತೆ ಒಳ್ಳೆಯದು ಎನ್ನುವುದಕ್ಕೆ ಒಂದು, ಮೈಯಲ್ಲಿ ರೋಗವಿಲ್ಲ ಎನ್ನುವುದಕ್ಕೆ ಡಾಕ್ಟರ ಚೀಟಿ, ಮೇಲೊಂದು ಫೋಟೋ. ಬೇಗ ಕಳಿಸದಿದ್ದರೆ ಮುಂದೆ ಯಾರನ್ನೂ ಬಿಡದೆ ಇರಬಹುದು ಎಂದು ಅವರು ಬರೆದಿದ್ದರು. ಅದನ್ನು ಓದಿ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ನಮ್ಮ ಅತ್ತೆ ಅಳುವವರಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದರು. ವಕೀಲರು, ಗುಮಾಸ್ತರು ಎಲ್ಲರೂ ಅವರ ಮುಂದೆ ತಾಟು ಹಿಡಿದು ಕೂತವರೇ. ಹಾಗಾಗಿ ಕಚೇರಿ ಎಂದರೆ ಅವರಿಗೆ ಇನ್ನೊಂದು ಪಂಕ್ತಿ, ಅಷ್ಟೆ.

"ಅಳಬ್ಯಾಡ ಸುಮ್ನಿರು," ಎಂದರು. "ಅಲ್ಲಿ ನನ್ನ ಮಗ ತೆಂಗಿನೆಣ್ಣಿ ಅಡಿಗಿ ಉಂಡು ಉಂಡು ಒಣಗಿ ಹೋಗ್ಯಾನ. ರೊಟ್ಟಿ ಬಡಿಯಾಕಿ ಒಬ್ಬಾಕಿ ಹೋಗಾಕಬೇಕು. ಕಾಗದ ಅಷ್ಟೇ ಹೌದಿಲ್ಲೋ? ಕೂಡಸೂಣು ನಡಿ."

ಖಾನಾವಳಿಯನ್ನು ನನ್ನ ಮೈದುನನಿಗೆ ಒಪ್ಪಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ನಾನು ಹುಟ್ಟಿದ ವರ್ಷ

ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ, ನಮ್ಮ ತಾಯಿಯ ತವರಿನಲ್ಲಿ. ಊರಿನ ಲೆಕ್ಕಪತ್ರ ಇಡುತ್ತಿದ್ದ ಕರಣಂ ಒಂದು ಕಟ್ಟು ಬಿಚ್ಚಿ ತೋರಿಸಿದರು. ನಾನು ಹುಟ್ಟಿರಬಹುದಾದ ಆಸುಪಾಸಿನ ವರ್ಷಗಳನ್ನೆಲ್ಲ ಗೆದ್ದಲು ತಿಂದಿತ್ತು.

"ಹಿರೇರು ಯಾರಾರ ಬಂದು ಹೇಳಿದ್ರ ಬರಕೊಡತೀನಿ," ಎಂದರು.

ಹೇಳಲು ಹಿರಿಯರಿಗೇನು ಬರವೇ? ನಮ್ಮ ಸೋದರಮಾವ ಬಂದರು, ದೊಡ್ಡವ್ವ ಬಂದಳು, ನನ್ನ ತಾಯಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಕೋಲೂರಿಕೊಂಡು ಬಂದಳು.

"ಹೊಳಿ ಬಂದು ರಾರಾವಿ ದಾರಿ ಕೊಚ್ಚಿಕೊಂಡು ಹೋತಲ್ಲ, ಆ ವರ್ಷ ಈಕಿ ಹುಟ್ಟಿದ್ದು," ಎಂದರು ಮಾವ.

"ಹೊಳಿ ಬಂದಾಗ ನಮ್ಮ ಎಮ್ಮಿ ಈದಿತ್ತು, ಈಕಿ ಅಲ್ಲ," ಎಂದಳು ದೊಡ್ಡವ್ವ. "ಈಕಿ ಅದಕ್ಕೂ ಭಾಳ ಮೊದಲು. ನನ್ನ ಹಿರೇ ಮಗ ಅಂಬೆಗಾಲಿಡತಿದ್ದ, ನಾನೇ ಇಬ್ಬರಿಗೂ ಹಾಲು ಕುಡಿಸೀನಿ."

ಕರಣಂ ದೊಡ್ಡವ್ವನ ಹಿರಿಮಗನ ವಯಸ್ಸು ಕೇಳಿದರು, ಬೆರಳು ಮಡಚಿದರು, ನಮ್ಮ ತಾಯಿಯ ಮದುವೆ ಯಾವಾಗ ಎಂದು ಕೇಳಿದರು, ಮತ್ತೆ ಬೆರಳು ಮಡಚಿದರು. ಆಮೇಲೆ ಕನ್ನಡಕ ಕೆಳಗಿಳಿಸಿ ದೊಡ್ಡವ್ವನನ್ನೇ ನೋಡಿದರು.

"ಅಮ್ಮಾ, ನೀ ಹೇಳಿದ ಲೆಕ್ಕದಾಗ ಈ ಹುಡುಗಿ ತನ್ನ ತಾಯಿ ಮದುವಿಗಿಂತ ಮೊದಲ ಹುಟ್ಟ್ಯಾಳ."

ದೊಡ್ಡವ್ವ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯಯ್ಯೋ, ತಗೀರಿ! ಎರಡು ವರ್ಷ ತಗೀರಿ! ಮೂರು ತಗೀರಿ ಬೇಕಾದ್ರ!"

ಕೊನೆಗೆ ಕರಣಂ ಮಾವನಿಗೂ ದೊಡ್ಡವ್ವನಿಗೂ ಬೇಸರವಾಗದ ಹಾಗೆ ನಡುವಿನ ಒಂದು ವರ್ಷ ಹಿಡಿದು ಬರೆದರು. ನನ್ನ ವಯಸ್ಸು ಇವತ್ತಿಗೂ ಅದೇ ಲೆಕ್ಕ. ಇನ್ನುಳಿದದ್ದು ಸೂಲಗಿತ್ತಿಯ ಸಾಕ್ಷಿ. ಅವಳಿಗೆ ಕಣ್ಣು ಮಂಜಾಗಿತ್ತು.

"ಆವತ್ತು ನೀ ಹೆರಿಗಿ ಮಾಡಿಸಿದ ಕೂಸು ಈಕೀನೇ ಅಂತ ಹೆಂಗ ಹೇಳತಿ?" ಎಂದು ಕರಣಂ ಕೇಳಿದರು.

"ಆ ಕೂಸು ಹೊಳಿ ಆಚಿ ದಂಡಿಗೆ ಕೇಳಂಗ ಅತ್ತಿತ್ರಿ," ಎಂದಳು ಮುದುಕಿ. "ಈಕೀನ ಒಂದೀಟು ಚಿವುಟ್ರಿ, ಹೌದೋ ಅಲ್ಲೋ ಹೇಳತೀನಿ."

ಹೋಳಿಗೆಗೆ ತುಪ್ಪ

ಮದುವೆ ಆದದ್ದು ಕುರುಗೋಡಿನಲ್ಲಿ, ಅತ್ತೆಯ ಅಣ್ಣನ ಮನೆಯ ಅಂಗಳದಲ್ಲಿ. ಊರಿನ ಗೌಡಿಕೆ ನೋಡುತ್ತಿದ್ದ ಮುನಸೀಫರು ಕಾಗದ ಕೊಡಲು ಒಪ್ಪಿದರು. ಮದುವೆಯಲ್ಲಿ ಉಂಡವರು ಇಬ್ಬರು ಬಂದು ಹೆಬ್ಬೆಟ್ಟು ಒತ್ತಿದರೆ ಸಾಕು ಎಂದರು. ಅತ್ತೆ ಇಬ್ಬರನ್ನೇ ಕರೆದರೆ ಉಳಿದವರು ಏನಂದಾರು ಎಂದುಕೊಂಡು ಓಣಿಗೆಲ್ಲ ಹೇಳಿ ಬಂದರು. ಮುನಸೀಫರ ಕಟ್ಟೆಯ ಮುಂದೆ ಅರ್ಧ ಊರು ನೆರೆಯಿತು.

"ಮದುವ್ಯಾಗ ಯಾರು ಯಾರು ಉಂಡೀರಿ? ಕೈ ಎತ್ರಿ."

ಕಟ್ಟೆಯ ಮುಂದೆ ಬರೀ ಕೈಗಳೇ. ಮುನಸೀಫರು ಒಂದು ಗಳಿಗೆ ನೋಡಿ, ಅತ್ತೆಯನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ತಂಗೀ, ಆವಾಗ ರೇಷನ್ ಇತ್ತು. ಮದುವ್ಯಾಗ ಇಂತಿಷ್ಟು ಎಲಿಗಿಂತ ಹೆಚ್ಚು ಹಾಕಬಾರದು ಅಂತ ಸರಕಾರದ ಹುಕುಂ ಇತ್ತು. ಇಷ್ಟು ಕೈ ನಾ ಬರಕೊಂಡ್ರ ಸೊಸಿಗೆ ಪರ್ಮಿಟ್ಟಿಗಿಂತ ಮೊದಲು ನಿನಗ ಸಮನ್ಸ್ ಬರತೈತಿ."

ಅತ್ತೆ ಗಕ್ಕನೆ ತಿರುಗಿದರು. "ಇಳಸ್ರೋ ಕೈ!"

ಎಲ್ಲ ಕೈ ಇಳಿದವು. ಮುನಸೀಫರು ಮತ್ತೆ ಕೇಳಿದರು, "ಯಾರೂ ಉಂಡಿಲ್ಲ?"

"ಇಲ್ರಿ!"

"ಮದುವಿಗೆ ಬಂದಿದ್ದಿರಿ?"

"ಇಲ್ರಿ!" ನಮಗೆ ಸಹಾಯ ಮಾಡುವ ಹುರುಪು ಅವರಿಗೆ.

"ಹಂಗಾರ ಮದುವಿ ಆಗೈತೋ ಇಲ್ಲೋ?"

"ಆಗಿಲ್ರಿ!" ಎಂದ ಹಿಂದಿನಿಂದ ಒಬ್ಬ.

ಬೆಳಿಗ್ಗೆ ಮುತ್ತೈದೆಯಾಗಿ ಬಸ್ಸು ಹತ್ತಿದವಳು ಮಧ್ಯಾಹ್ನಕ್ಕೆ ಕನ್ಯೆಯಾಗಿ ನಿಂತಿದ್ದೆ. ಅಷ್ಟರಲ್ಲಿ ರುಮಾಲು ಸುತ್ತಿದ ಒಬ್ಬ ಮುದುಕ ಎದ್ದು ಮುಂದೆ ಬಂದ.

"ಮುನಸೀಫ್ರ, ನಾನೂ ಬಂದಿಲ್ಲ, ನಾನೂ ಉಂಡಿಲ್ಲ. ಆದ್ರ ಹೋಳಿಗಿಗೆ ತುಪ್ಪ ಭಾಳ ಕಡಿಮಿ ಹಾಕಿದ್ರು. ಅದೊಂದು ಬರಕೊಳ್ರಿ."

"ಸಾಕು, ಸಾಕ್ಷಿ ಸಿಕ್ತು," ಎಂದು ಮುನಸೀಫರು ಅವನ ಹೆಬ್ಬೆಟ್ಟು ಹಿಡಿದು ಒತ್ತಿಸಿದರು. ಎರಡನೆಯ ಸಾಕ್ಷಿಗೆ ತಾವೇ ಸಹಿ ಹಾಕಿದರು, ಅವರೂ ಉಂಡವರೇ.

ಕಾಗದ ಸಿಕ್ಕ ಖುಷಿಯಲ್ಲಿ ನಾನು ಬಸ್ಸಿನಲ್ಲಿ ಅದನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಅತ್ತೆ ಮಾತ್ರ ಬಳ್ಳಾರಿ ಗುಡ್ಡ ಕಾಣುವತನಕ ಗೊಣಗಿದರು. "ತುಪ್ಪ ಕಡಿಮಿ ಅಂತ! ಮೂರು ಸರ್ತಿ ಕರದು ಹಾಕಿಸ್ಕೊಂಡಾನ ಆ ಮುದುಕ!"

ಒಂದು ಹೆಚ್ಚಿನ ಕೈ

ಬಳ್ಳಾರಿಯ ಫೋಟೋ ಸ್ಟುಡಿಯೋದಲ್ಲಿ ಹಿಂದೆ ಹಂಪಿಯ ಕಂಬಗಳನ್ನು ಬರೆದ ಒಂದು ಪರದೆ, ಮುಂದೆ ಒಂದು ಕುರ್ಚಿ. ನನ್ನನ್ನು ಕೂರಿಸಿ ಫೋಟೋದವರು ಮೂರು ಕಾಲಿನ ಪೆಟ್ಟಿಗೆಯ ಹಿಂದೆ ಹೋಗಿ ಕರೀ ಬಟ್ಟೆಯೊಳಗೆ ತಲೆ ಹಾಕಿದರು. ಮನೆಯ ಹೆಣ್ಣುಮಗಳನ್ನು ಹೀಗೆ ಬಟ್ಟೆ ಮುಚ್ಚಿಕೊಂಡು ಏನು ನೋಡುತ್ತಾನೆ ಎಂದು ಅತ್ತೆಗೆ ಅನುಮಾನ.

"ಸರಿ ಅತ್ತಾಗ, ನಾನೂ ನೋಡತೀನಿ," ಎಂದು ತಾವೂ ಒಳಗೆ ತಲೆ ತೂರಿಸಿದರು.

ಆ ಕಾಲದ ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಬಟ್ಟೆಯೊಳಗಿಂದ ಒಂದು ಚೀರಾಟ ಕೇಳಿಸಿತು.

"ಅಯ್ಯೋ ನನ್ನ ಸೊಸೀನ ತಲಿಕೆಳಗ ಮಾಡ್ಯಾನಲ್ಲೋ! ಹುಡುಗಿ, ಸೀರಿ ಹಿಡಕೋ!"

ಹೊರಗೆ ಬಂದು ನೋಡಿದರೆ ನಾನು ನೆಟ್ಟಗೇ ಕೂತಿದ್ದೆ. ಆದರೂ ಅವರಿಗೆ ಧೈರ್ಯ ಸಾಲಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ನಾನು ಜಾರಿ ಬೀಳದ ಹಾಗೆ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಡಿ ಎಂದರೆ ಬಿಡಲಿಲ್ಲ. ಫೋಟೋದವರು ಸುಸ್ತಾಗಿ ಹಾಗೇ ತೆಗೆದರು.

ತೊಳೆದು ತಂದ ಫೋಟೋದಲ್ಲಿ ನಾನಿದ್ದೆ, ಹಂಪಿ ಇತ್ತು, ನನ್ನ ಭುಜದ ಮೇಲೆ ಬಳೆ ತೊಟ್ಟ ಒಂದು ಒಂಟಿ ಕೈ ಇತ್ತು.

"ಇದನ್ನ ಕಳಿಸಿದ್ರ ನಡಿಯಂಗಿಲ್ಲೇನ್ರಿ?" ಎಂದು ಅತ್ತೆ ಕೇಳಿದರು. "ಮುಖ ಚಲೋ ಬಂದೈತಿ."

"ನಡೀತೈತ್ರಿ ಅಮ್ಮಾ," ಎಂದರು ಫೋಟೋದವರು. "ಆದ್ರ ಕೈಗೆ ಬ್ಯಾರೆ ಪರ್ಮಿಟ್ ಮಾಡಸಬೇಕಾಗತೈತಿ."

ನಡತೆ ವಿಚಾರಣೆ

ನನ್ನ ನಡತೆ ವಿಚಾರಿಸಲು ಒಬ್ಬ ಪೊಲೀಸಪ್ಪ ನಮ್ಮ ಓಣಿಗೆ ಬಂದ. ಅನಂತಪುರದ ಕಡೆಯವನು, ತೆಲುಗು ಮಾತು. ಕೆಂಪು ಟೋಪಿ ಕಂಡದ್ದೇ ತಡ, ಅಕ್ಕಿ ಬಚ್ಚಿಟ್ಟವರನ್ನು ಹಿಡಿಯಲು ಬಂದಿದ್ದಾನೆಂದು ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ತೆರೆದೇ ಇದ್ದದ್ದು ಎದುರುಮನೆಯಾಕೆಯ ಬಾಗಿಲು ಒಂದೇ. ನಳದ ನೀರಿನ ಸಲುವಾಗಿ ಆಕೆಗೂ ಅತ್ತೆಗೂ ಮಾತು ಬಿಟ್ಟು ಬಹಳ ದಿನವಾಗಿತ್ತು. ನಾವಿಬ್ಬರೂ ಕಿಟಕಿಯ ಹಿಂದೆ ಕಿವಿಗೊಟ್ಟು ನಿಂತೆವು. ಆಕೆ ಒಂದು ಮಾತು ಕೆಟ್ಟದ್ದಾಡಿದರೆ ಕೊಲಂಬೋ ಅಲ್ಲಿಗೆ ಮುಗಿಯಿತು.

"ಅಮ್ಮಾಯಿ ಮಂಚಿದೇನಾ?" ಎಂದ ಪೊಲೀಸಪ್ಪ. ಹುಡುಗಿ ಒಳ್ಳೆಯವಳೇನು ಎಂದು.

"ಬಂಗಾರದಂಥ ಹುಡುಗಿ," ಎಂದಳು ಆಕೆ. "ಹಗಲೂ ರಾತ್ರಿ ಹೊಗಳತೀನಿ, ಬರಕೊಳ್ರಿ. ಆದ್ರ ಪೊಲೀಸಪ್ಪಾ, ಕೊಲಂಬೋಕ ಒಬ್ಬಾಕೀನ ಯಾಕ ಕಳಸತೀರಿ? ಅತ್ತೀನೂ ಜತಿಗೆ ಕಳಸಾಕ ಬರಂಗಿಲ್ಲೇನು?"

ಪರ್ಮಿಟ್ ಕಿಟಕಿ

ಇನ್ನೊಂದು ಫೋಟೋ, ಡಾಕ್ಟರ ಚೀಟಿ ಸೇರಿ ಎಲ್ಲ ಕಾಗದವೂ ಕೂಡಿದ ಮೇಲೆ ಅವನ್ನು ಕಚೇರಿಗೆ ಒಪ್ಪಿಸುವುದು ಉಳಿಯಿತು. ಆಗ ಮದ್ರಾಸ್ ಸರಕಾರ ಹೆಂಡ, ಸಾರಾಯಿ ಎಲ್ಲ ಬಂದ್ ಮಾಡಿತ್ತು. ಕುಡಿಯದಿದ್ದರೆ ಜೀವಕ್ಕೆ ಅಪಾಯ ಎಂದು ಡಾಕ್ಟರ ಚೀಟಿ ತಂದವರಿಗೆ ಮಾತ್ರ ಕುಡಿಯುವ ಪರ್ಮಿಟ್ ಸಿಗುತ್ತಿತ್ತು. ಇದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪರ್ಮಿಟ್ ಎಂದು ಕೇಳಿದೆವು, ಜವಾನ ಒಂದು ಕಿಟಕಿ ತೋರಿಸಿದ, ಸಾಲಿನಲ್ಲಿ ನಿಂತೆವು. ಸಾಲಿನ ತುಂಬ ಗಂಡಸರು, ಎಲ್ಲರ ಕೈಯಲ್ಲೂ ಡಾಕ್ಟರ ಚೀಟಿ.

ಮುಂದೆ ನಿಂತಿದ್ದ ಕೋಟಿನ ಯಜಮಾನರೊಬ್ಬರು ನನ್ನನ್ನೂ ಅತ್ತೆಯನ್ನೂ ಎರಡು ಮೂರು ಸಲ ತಿರುಗಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

"ಪರ್ಮಿಟ್ಟು ಈ ಹುಡುಗಿಗೇನ್ರಿ?"

"ಹೌದ್ರಿ, ಈಕಿಗೇ," ಎಂದರು ಅತ್ತೆ.

"ಇಷ್ಟು ಸಣ್ಣ ವಯಸ್ಸಿಗೆ! ಯಾವಾಗಿಂದ ಹಿಂಗ?"

"ಮದುವಿ ಆದಾಗಿಂದ್ರಿ. ಅದಕ್ಕೂ ಮೊದಲು ಪಾಪ, ಅದರ ರುಚೀನೇ ಗೊತ್ತಿದ್ದಿಲ್ಲ."

"ಬಿಟ್ಟು ಇರಾಕ ಆಗಂಗಿಲ್ಲೇನು?"

"ಎಲ್ಲಿ ಆಗತೈತ್ರಿ? ಎರಡು ವರ್ಷ ಬಿಟ್ಟು ಇದ್ದು ನೋಡ್ಯಾಳ. ಊಟ ಸೇರಂಗಿಲ್ಲ, ನಿದ್ದಿ ಬರಂಗಿಲ್ಲ. ಒಲಿ ಮುಂದ ಕುಂತು ಅಳತಾಳ. ನೋಡಿ ನೋಡಿ ನನ್ನ ಹೊಟ್ಟಿ ಉರದು ಹೋತು."

ಯಜಮಾನರ ಕಣ್ಣಲ್ಲಿ ನೀರು ಬಂತು. "ನನಗೂ ಹಿಂಗೇ ಆಗತೈತ್ರಿ," ಎಂದರು. "ಮನ್ಯಾಗ ಈಕಿ ಅತ್ತೀಗೆ ಗೊತ್ತೇನು ಇದು?"

"ಅಯ್ಯ, ನಾನೇ ಅತ್ತಿ! ನಾನೇ ಕೈ ಹಿಡಕೊಂಡು ಕರಕೊಂಡು ಬಂದೀನಿ. ಸೊಸಿ ಆಸಿ ಅತ್ತಿ ತೀರಸದ ಇನ್ಯಾರು ತೀರಸಬೇಕು?"

ಯಜಮಾನರು ಎರಡೂ ಕೈ ಮುಗಿದರು. "ತಾಯೀ, ನಮ್ಮ ಮನಿಯಾಕಿ ನಿಮ್ಮ ಕಾಲಾನ ಧೂಳಕ್ಕೂ ಸಮ ಇಲ್ಲ," ಎಂದು ತಮ್ಮ ಜಾಗ ನಮಗೆ ಬಿಟ್ಟು ಹಿಂದೆ ಹೋದರು.

ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತಲಿಲ್ಲ. "ವಾರಕ್ಕ ಎಷ್ಟು?"

"ವಾರಕ್ಕ ಯಾಕ್ರಿ? ಇನ್ನ ಮ್ಯಾಲೆ ದಿನಾ. ಸಾಯೋತನಕ."

"ಬ್ರಾಂದೀನೋ, ವಿಸ್ಕೀನೋ?"

ಆಮೇಲೆ ಅತ್ತೆ ಆಡಿದ ಮಾತನ್ನು ನಾನು ಬರೆಯುವುದಿಲ್ಲ. ಕೋಟೆಯ ಮೇಲಿದ್ದವರಿಗೂ ಕೇಳಿಸಿರಬೇಕು. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡು ನಿಂತಿದ್ದೆ. ಗುಮಾಸ್ತ ನಮ್ಮ ಕಾಗದ ತಿರುವಿ ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರಿ ಅಮ್ಮಾ. ವಾಸದ ಅರ್ಜೀನೂ ಇದೇ ಕಿಟಕಿಗೇ ಬರತಾವ. ಒಳಗ ಸಾಹೇಬ್ರು ಅದಾರ, ಬರ್ರಿ," ಎಂದು ತಾನೇ ಕರೆದುಕೊಂಡು ಹೋದ.

ಒಳಗಿದ್ದ ಸಾಹೇಬರು ತಮಿಳಿನವರು, ಬಳ್ಳಾರಿಗೆ ಹೊಸಬರು, ವಯಸ್ಸಾದವರು. ನನ್ನ ಕಾಗದಗಳನ್ನು ಒಂದೊಂದಾಗಿ ಓದಿದರು. ಆಮೇಲೆ ತಂದೆಯಂತೆ ನಕ್ಕು, ನಾನು ಅಲ್ಲಿ ವಾಸ ಮಾಡಲು ಹೋಗುತ್ತೇನೆಯೇ ಎಂಬುದನ್ನು ತಮ್ಮ ಮಾತಿನಲ್ಲಿ ಕೇಳಿದರು.

"ಅಂಗೇ ಕುಡಿಯಿರುಕ್ಕ ಪೋರಿಯಾಮ್ಮಾ?"

ಅತ್ತೆಯ ಕಿವಿಗೆ ಬಿದ್ದದ್ದು ಕುಡಿ ಮತ್ತು ಪೋರಿ, ಎರಡೇ.

"ಇಲ್ಲೂ ಅದೇ ಕೇಳತೀರೇನ್ರಿ!" ಎಂದು ಮೇಜು ಗುದ್ದಿದರು. ಮಸಿ ಕುಡಿಕೆ ಹಾರಿ ಬಿತ್ತು. "ಕುಡಿಯೋ ಪೋರಿ ಅಲ್ರಿ ನನ್ನ ಸೊಸಿ! ಮಜ್ಜಿಗಿ ಸೈತ ಸೋಸಿ ಕುಡೀತಾಳ!"

ಸಾಹೇಬರು ಕುರ್ಚಿಯೊಡನೆ ಹಿಂದಕ್ಕೆ ಸರಿದರು. ಗುಮಾಸ್ತ ನಗು ನುಂಗಿಕೊಂಡು ನಡುವೆ ಬಂದು, ತಮಿಳಿನಲ್ಲಿ ಕುಡಿಯಿರುವುದು ಎಂದರೆ ಮನೆ ಮಾಡಿಕೊಂಡು ವಾಸವಾಗಿರುವುದು ಎಂದು ಅತ್ತೆಗೆ ತಿಳಿಸಿ ಹೇಳಿದ. ಸಾಹೇಬರಿಗೂ ಅವರ ಮಾತಿನಲ್ಲಿ ಏನಾಯಿತೆಂದು ಹೇಳಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುತ್ತಲೇ ನನ್ನ ಅರ್ಜಿಯ ಮೇಲೆ ಸಹಿ ಮಾಡಿ ಮೊಹರು ಒತ್ತಿದರು. ಆ ಸಹಿಯಿಂದಲೇ ಪರ್ಮಿಟ್ ಬಂತು, ಮುಂದೆ ನಾನು ಕೊಲಂಬೋದಲ್ಲಿ ಸಂಸಾರವನ್ನೂ ಹೂಡಿದೆ.

ಆದರೆ ಆವತ್ತು ಅತ್ತೆಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಬಾಗಿಲತನಕ ಹೋದವರು ತಿರುಗಿ ನಿಂತರು.

"ಅಲ್ರಿ ಸಾಹೇಬ್ರ, ಮನಿ ಮಾಡಿಕೊಂಡು ಇರೋದಕ್ಕ ಕುಡಿ ಅಂದ್ರ, ಕುಡಿಯೋದಕ್ಕ ನಿಮ್ಮ ಕಡಿ ಏನಂತೀರಿ?"

ಗುಮಾಸ್ತ ಅದನ್ನು ಸಾಹೇಬರಿಗೆ ತಮಿಳಿನಲ್ಲಿ ಹೇಳಿದ. ಸಾಹೇಬರು ಸ್ವಲ್ಪ ಯೋಚಿಸಿ, ತಮಗೆ ಬರುವಷ್ಟು ಕನ್ನಡದಲ್ಲಿ ತಾವೇ ಉತ್ತರ ಕೊಟ್ಟರು.

"ಅದಕ್ಕೂ ಕುಡಿ ಅಂತಾನೇ ಅಮ್ಮಾ."

ಅತ್ತೆ ನನ್ನ ಕಡೆ ತಿರುಗಿದರು. "ಮತ್ತ ಅದಕ್ಕ ನೋಡು, ಎರಡಕ್ಕೂ ಒಂದೇ ಕಿಟಕಿ ಇಟ್ಟಾರ!"