ನಡುಮನೆಯ ಮರ ಕಿತ್ತದ್ದು

1994ರಲ್ಲಿ, ಎಂಟನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ ಕಲಿತದ್ದು. ಹಾಗಾಗಿ ಬಾಯಿಂದ ಕಲಿಸಲು ಬರುವವರನ್ನು ಕಂಡರೆ ನನಗೆ ಸ್ವಲ್ಪ ಉರಿ. ತುಮಕೂರಿನಲ್ಲಿ ನನ್ನದೊಂದು ಸ್ಟಿಕರ್ ಅಂಗಡಿಯಿದೆ. ಬೈಕಿನ ನಂಬರ್ ಪ್ಲೇಟಿನಿಂದ ಹಿಡಿದು ನರ್ಸರಿ ಶಾಲೆಯ ಗೋಡೆಯ ಜಿರಾಫೆವರೆಗೆ ನಾನು ಅಂಟಿಸದ್ದೇನೂ ಇಲ್ಲ. ಅಂಟಿಸಿದ್ದನ್ನು ಕೀಳುವುದು ಹೇಗೆಂದು ಮಾತ್ರ ಯಾವ ಗಿರಾಕಿಯೂ ಕೇಳಿರಲಿಲ್ಲ, ಕೇಳಿದ್ದರೆ ಅವಮಾನವೆಂದುಕೊಳ್ಳುತ್ತಿದ್ದೆನೇನೋ.

ಗುಬ್ಬಿಯ ನಮ್ಮ ಮನೆಯ ನಡುಮನೆಯ ಗೋಡೆಗೂ ನಾನೇ ಒಂದು ದೊಡ್ಡ ಮರ ಅಂಟಿಸಿದ್ದೆ. ಅದರ ಅಡಿಯಲ್ಲಿದ್ದದ್ದು ಅವ್ವನ ಗೆರೆಗಳು. ಪ್ರತಿ ಯುಗಾದಿಗೆ ಎಣ್ಣೆಸ್ನಾನ ಆದಮೇಲೆ ಅವ್ವ ನನ್ನ ಮಗಳು ಸುಮಾಳನ್ನು ಆ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಬೆರಳಿನಲ್ಲಿ ಕಾಡಿಗೆ ಗೆರೆ ಎಳೆಯುತ್ತಿದ್ದಳು. ಅಕ್ಷರ ಬಾರದ ಅವ್ವ ಬರೆದದ್ದೆಂದರೆ ಅಷ್ಟೇ. ಅವಳು ತೀರಿಕೊಂಡ ಮೇಲೆ, ಸುಮಾಳನ್ನು ನೋಡಲು ಗಂಡಿನ ಕಡೆಯವರು ಬರುವಾಗ ಗೋಡೆ ಕೊಳಕಾಗಿ ಕಾಣಬಾರದೆಂದು ಮರ ಅಂಟಿಸಿದೆ. ಬಣ್ಣ ಹೊಡೆಸಿದರೆ ಗೆರೆ ಹೋಗಿಬಿಡುತ್ತದೆ, ಇದಾದರೆ ಒಳಗೇ ಭದ್ರ ಎಂಬ ಬುದ್ಧಿವಂತಿಕೆ ಬೇರೆ.

ಈ ಯುಗಾದಿಗೆ ಸುಮಾ ಕುಣಿಗಲ್‌ನಿಂದ ಮಗನನ್ನು ಎತ್ತಿಕೊಂಡು ಬಂದಳು. ಅವನು ಈಗಷ್ಟೇ ನಿಲ್ಲಲು ಕಲಿತಿದ್ದಾನೆ. ಅವನ ಮೊದಲ ಗೆರೆ ತನ್ನ ಗೆರೆಗಳ ಪಕ್ಕದಲ್ಲೇ ಬೀಳಬೇಕೆಂದು ಅವಳ ಆಸೆ. ಅದಕ್ಕೆ ಮೊದಲು ಮರ ಕೀಳಬೇಕಿತ್ತು.

“ಅಪ್ಪ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡ್ಕೊಂಡು, ಗೋಡೆಗೆ ಒತ್ತಿದಂಗೆ ಹಿಂದಕ್ಕೆ ಮಡಚ್ಕೊಂಡು ನಿಧಾನಕ್ಕೆ ಎಳೀಬೇಕಂತೆ,” ಎಂದು ಮೊಬೈಲ್ ನೋಡಿ ಹೇಳಿದಳು.

“ಇಷ್ಟ್ ವರ್ಷ ಅಂಟಿಸಿರೋನು ನಾನು ಕಣಮ್ಮ. ಆ ಮೊಬೈಲು ಎಷ್ಟ್ ಗೋಡೆ ನೋಡೈತೆ?”

“ನಿಮ್ಮಪ್ಪಂಗೆ ಹೇಳೋ ಬದ್ಲು ಗೋಡೆಗೆ ಹೇಳು ಸುಮಾ,” ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದಲೇ. “ಅದಾದ್ರೂ ಕೇಳುತ್ತೆ.”

ಆ ಮಾತಿಗೆ ರೋಷ ಬಂತು. ಮೂಲೆಗೆ ಉಗುರು ಹಾಕಿ ನೇರ ಎದೆಯ ಕಡೆಗೆ ಎಳೆದೆ. ಒಂದು ಕೊಂಬೆ ಸಲೀಸಾಗಿ ಬಂತು. ಸುಮಾಳನ್ನೂ ಅಡುಗೆಮನೆಯ ಬಾಗಿಲನ್ನೂ ಒಮ್ಮೆ ತಿರುಗಿ ನೋಡಿದೆ. ಅದೇ ಗತ್ತಿನಲ್ಲಿ ಕಾಂಡ ಹಿಡಿದು ಜಗ್ಗಿದೆ. ಗೋಡೆಗೆ ನುಣುಪಿಗೆಂದು ಬಳಿದಿದ್ದ ಪುಟ್ಟಿ ಸ್ಟಿಕರಿಗೆ ಅಂಟಿಕೊಂಡೇ ಹಪ್ಪಳದ ಹಾಗೆ ಎದ್ದು ಬಂದು, ಹಿಂದೆ ಬರೀ ಸಿಮೆಂಟು ಉಳಿಯಿತು. ಗೆರೆಗಳು ಎಲ್ಲೂ ಹೋಗಿರಲಿಲ್ಲ. ಸ್ಟಿಕರಿಗೂ ಪುಟ್ಟಿಗೂ ನಡುವೆ ಸಿಕ್ಕಿಕೊಂಡಿದ್ದವು, ಅಷ್ಟೇ. ಒಂದು ಚಕ್ಕೆ ಬಿಡಿಸಲು ಹೋದೆ. ಅದು ಪುಡಿಯಾಯಿತು, ಬೆರಳಿಗೆ ಸ್ವಲ್ಪ ಕಪ್ಪು ಹತ್ತಿತು.

ಸುಮಾ ಬೈದಿದ್ದರೆ ವಾದ ಮಾಡಿಯಾದರೂ ಗೆಲ್ಲಬಹುದಿತ್ತು. ಅವಳು “ಹೋಗ್ಲಿ ಬುಡಪ್ಪ,” ಎಂದು ಮಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಾನೇ ಗೆರೆ ಎಳೆದು, ಸಂಜೆಯ ಬಸ್ಸಿಗೆ ಹೊರಟಳು.

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಒಂದು ಮನೆ, ಚೌಕಟ್ಟಿನ ಮೇಲೆ ಮೊಮ್ಮಗನ ಒಂದು ಗೆರೆ, ಸುತ್ತಿದರೆ ಪುಟ್ಟಿ ಉದುರುತ್ತದೆಂದು ಮಂಚದ ಕೆಳಗೆ ಮಲಗಿಸಿರುವ ಒಂದು ಮರ. ಅದರೊಳಗೆ ಅವ್ವನ ಗೆರೆಗಳು ಏಳೋ ಎಂಟೋ. ಕಾಣುತ್ತಿದ್ದಾಗ ಎಣಿಸಿರಲಿಲ್ಲ.