ಅಕ್ಕನ ಎರಡನೆಯ ಪೆನ್ಶನ್

ಒಬ್ಬರಿಗೆ ಒಂದೇ ಪೆನ್ಶನ್. ಇದು ನಾನೇ ಮಾಡಿದ ಕಾನೂನು. ಸರಕಾರಕ್ಕೆ ಗೊತ್ತಿರಲಿಲ್ಲ.

ಕಮತಗಿಯಲ್ಲಿ ನನ್ನದು ರೇಶನ್ ಅಂಗಡಿ. ಓದಿದ್ದು ನಾಲ್ಕನೆಯ ಇಯತ್ತೆ. ಒಂದು ಕಾರ್ಡಿಗೆ ಎರಡು ಸಲ ಸಕ್ಕರೆ ಕೊಡುವವನಲ್ಲ ನಾನು. ಸರಕಾರವೂ ಹಾಗೆಯೇ ಇರಬೇಕೆಂದು ತಿಳಿದಿದ್ದೆ.

ಅಕ್ಕ ಗಂಗಕ್ಕ ಹುನಗುಂದದ ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸ್. ನಿವೃತ್ತಳಾಗಿ ಪೆನ್ಶನ್ ಪಡೆಯುತ್ತಿದ್ದಳು. ಬಾಗಲಕೋಟೆಯ ಸರಕಾರಿ ಸಾಲೆಯ ಮಾಸ್ತರರಾಗಿದ್ದ ಅವಳ ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು.

"ಮಾಸ್ತರ ಪೆನ್ಶನ್ ಬಂದ್ರ ಬ್ಯಾರೆ ಮನಿ ಹಿಡೀತೇನಿ. ನನ್ನ ಒಲಿ ನನಗಿರಲಿ" ಎನ್ನುತ್ತಿದ್ದಳು.

"ಸುಮ್ಮನಿರು. ಕೇಳಾಕ ಹೋದ್ರ ಇದ್ದದ್ದನ್ನೂ ಕಸಗೋತಾರ" ಎಂದು ನಾನು ಹೆದರಿಸುತ್ತಿದ್ದೆ. ಅವಳ ಪೆನ್ಶನ್ನಿನಲ್ಲಿ ನಮ್ಮ ಮನೆಯ ಎಣ್ಣೆ-ಬೆಲ್ಲವೂ ಬರುತ್ತಿತ್ತು ಎಂಬುದು ಆ ಹೆದರಿಕೆಯಲ್ಲಿ ಸೇರಿರಲಿಲ್ಲ ಎಂದು ಹೇಳಲಾರೆ.

ಕೊನೆಗೆ ಬಾಗಲಕೋಟೆಯ ಪೆನ್ಶನ್ ಕಚೇರಿಗೆ ಒಬ್ಬಳೇ ಹೊರಟಳು. ನಾನೂ ಬೆನ್ನು ಹತ್ತಿದೆ. ಅವಳು ನೌಕರಿ ಮಾಡಿದ್ದು ಯಾರಿಗೂ ತಿಳಿಯಬಾರದೆಂದು ಹುಬ್ಬು ಮುಚ್ಚುವ ತನಕ ಸೆರಗು ಹೊದಿಸಿದೆ.

ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಕೈಮುಗಿದ. "ನರ್ಸಬಾಯಾರ, ಆರಾಮೇನ್ರಿ? ನಿಮ್ಮ ಕೈಯಾಗ ಹುಟ್ಟಿದ ನಮ್ಮ ಹುಡುಗಿ ಸಾಲಿಗೆ ಹೊಂಟಾಳ್ರಿ."

ಬಾಗಲಕೋಟೆಯ ಹೋಟೆಲಿನವನು ಚಹಾದ ರೊಕ್ಕ ತೆಗೆದುಕೊಳ್ಳಲಿಲ್ಲ. ಅವನಿಗೆ ಅವಳಿ ಮಕ್ಕಳು.

"ಸೆರಗು ಇನ್ನಷ್ಟು ಎಳಕೋ" ಎಂದೆ.

"ಇನ್ನಷ್ಟು ಎಳದ್ರ ಗ್ವಾಡಿಗೆ ಹಾಯ್ತೇನಿ" ಎಂದಳು.

ಕಚೇರಿಯಲ್ಲಿ ನಾನು ಮಾಸ್ತರ ಪೆನ್ಶನ್ನಿನ ಅರ್ಜಿಯನ್ನು ಗುಮಾಸ್ತರ ಮುಂದಿಟ್ಟು ಅಳುದನಿ ತೆಗೆದೆ. "ಸಾಹೇಬರ, ಈಕಿಗೆ ಯಾರೂ ದಿಕ್ಕಿಲ್ರಿ. ಒಂದು ಪೈಸಾ ಉತ್ಪನ್ನ ಇಲ್ರಿ."

ಅವರು ತಲೆ ಎತ್ತಿ ಸೆರಗಿನೊಳಗೆ ಇಣುಕಿದರು. "ಅಯ್ಯ, ಗಂಗಕ್ಕಾರ! ನಮ್ಮ ಮನಿಯವರ ಬಾಣಂತನ ಮಾಡಿದವರು ನೀವಲ್ಲೇನ್ರಿ? ನಿಮಗ ಪೆನ್ಶನ್ ಬರತೈತಲ್ರಿ?"

ನಾನು ನಡುವೆ ಬಾಯಿ ಹಾಕಿದೆ. "ಅದು ಮೊನ್ನೆ ನಿಂತೈತ್ರಿ" ಎಂದುಬಿಟ್ಟೆ.

"ಯಾಕ್ರಿ? ಹುನಗುಂದ ಖಜಾನೆಗೆ ಈಗ ಫೋನ್ ಮಾಡಿ ಕೇಳ್ತೇನಿ" ಎಂದು ಅವರು ಎದ್ದರು.

ಅಕ್ಕ ಸೆರಗು ಹಿಂದೆ ಸರಿಸಿದಳು. "ಕುಂದರ್ರಿ. ನಿಂತಿಲ್ಲ, ಎಂಟ ದಿನದ ಹಿಂದ ತಗೊಂಡೇನಿ."

"ಮತ್ತ ಇವರು ಯಾರ್ರಿ?"

"ನಾ ಹೇಳೂದಿಲ್ರಿ, ನಾಚಿಕಿ ಆಗತೈತಿ" ಎಂದಳು ಅಕ್ಕ.

ಗುಮಾಸ್ತರು ನಕ್ಕರು. "ಅದು ನಿಮ್ಮ ದುಡಿಮಿದು, ಇದು ಮಾಸ್ತರದು. ಎರಡೂ ಬರ್ತಾವ್ರಿ. ಇಷ್ಟ್ ದಿನ ಯಾಕ ಬರಲಿಲ್ಲ?"

ಅಕ್ಕ ನನ್ನ ಕಡೆ ನೋಡಿದಳು. "ನಮ್ಮ ತಮ್ಮ ಭಾಳ ಓದ್ಯಾನ್ರಿ, ಅದಕ್ಕ."

ಪೆನ್ಶನ್ ಬಂತು. ನಮ್ಮ ಓಣಿಯಲ್ಲೇ ಮನೆ ಹಿಡಿದು ಒಲೆ ಹೂಡಿದಳು. ಈಗ ನನ್ನ ಹೆಂಡತಿ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಾಳೆ. "ಬುಟ್ಟ್ಯಾಗ ನಿನ್ನಿ ರೊಟ್ಟಿ ಅದಾವ, ತಿನ್ರಿ" ಎಂದು ನನಗೆ ಹೇಳಿ ಹೋಗುತ್ತಾಳೆ. ನನ್ನನ್ನು ಅಲ್ಲಿಗೆ ಇನ್ನೂ ಯಾರೂ ಕರೆದಿಲ್ಲ.